ಒಂದೇ ವೇಗದಲ್ಲಿ ಓಡುವ ಕಾರಿನ ಮೇಲೆ ಒಟ್ಟು ಬಲ ಎಷ್ಟು?

ಮೊದಲು ಒಂದು ಪ್ರಶ್ನೆ. ಸಮತಟ್ಟಾದ, ನೇರವಾದ ರಸ್ತೆ. ಒಂದು ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. ಸ್ಪೀಡೋಮೀಟರಿನ ಮುಳ್ಳು ಅಲ್ಲಾಡುತ್ತಿಲ್ಲ, 80ರ ಮೇಲೇ ನಿಂತಿದೆ. ಈಗ ಆ ಕಾರಿನ ಮೇಲೆ ಬೀಳುತ್ತಿರುವ ಒಟ್ಟು ಬಲ ಎಷ್ಟು? ಯಾವ ದಿಕ್ಕಿಗೆ?

ಮುಂದಕ್ಕೆ ಅನ್ನುವವರೇ ಜಾಸ್ತಿ. ಎಂಜಿನ್ ಓಡುತ್ತಿದೆ, ಪೆಟ್ರೋಲ್ ಉರಿಯುತ್ತಿದೆ, ಕಾರು ಮುಂದೆ ಹೋಗುತ್ತಿದೆ. ಬಲ ಮುಂದಕ್ಕಲ್ಲದೆ ಇನ್ನೆಲ್ಲಿಗೆ ಇರಬೇಕು? ಆದರೆ ಸರಿಯುತ್ತರ ಸೊನ್ನೆ. ಎಂಜಿನ್ ಚಕ್ರಗಳ ಮೂಲಕ ಎಷ್ಟು ಬಲದಿಂದ ಮುಂದಕ್ಕೆ ನೂಕುತ್ತಿದೆಯೋ, ಗಾಳಿ ಮತ್ತು ಘರ್ಷಣೆ ಸೇರಿ ಅಷ್ಟೇ ಬಲದಿಂದ ಹಿಂದಕ್ಕೆ ಹಿಡಿಯುತ್ತಿವೆ. ಕಳೆದರೆ ಏನೂ ಉಳಿಯುವುದಿಲ್ಲ. ಅದಕ್ಕೇ ಮುಳ್ಳು ಅಲ್ಲಾಡುತ್ತಿಲ್ಲ.

ಬಲ = ರಾಶಿ × ವೇಗೋತ್ಕರ್ಷ. ನ್ಯೂಟನ್ನನ ಚಲನೆಯ ಎರಡನೇ ನಿಯಮ ಅನ್ನುವ ಈ ಸಾಲನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಲೆಕ್ಕ ಸುಲಭ, ಬರೀ ಒಂದು ಗುಣಾಕಾರ. ನಿಜವಾದ ತೊಡಕು ಬೇರೆ ಕಡೆ ಇದೆ. ಈ ಸಮೀಕರಣದಲ್ಲಿ ವೇಗ ಇಲ್ಲವೇ ಇಲ್ಲ. ಬಲಕ್ಕೂ ವೇಗಕ್ಕೂ ನೇರ ಸಂಬಂಧ ಇಲ್ಲ, ಬಲಕ್ಕೆ ಸಂಬಂಧ ಇರುವುದು ವೇಗದಲ್ಲಿ ಆಗುವ ಬದಲಾವಣೆಯ ಜೊತೆಗೆ. ತಲೆ ಇದನ್ನು ಬೇಗ ಒಪ್ಪುತ್ತದೆ. ಮೈ ಒಪ್ಪುವುದಿಲ್ಲ.

ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕ್ರಿ.ಪೂ. 4ನೇ ಶತಮಾನದಲ್ಲಿ ಅರಿಸ್ಟಾಟಲ್ ಹೇಳಿದ್ದೂ ನಮ್ಮ ಮೈ ಹೇಳುವ ಮಾತನ್ನೇ: ವಸ್ತು ಚಲಿಸುತ್ತಿರಬೇಕಾದರೆ ಏನಾದರೊಂದು ಅದನ್ನು ನೂಕುತ್ತಲೇ ಇರಬೇಕು. ಭಾರದ ಮೇಜನ್ನು ನೂಕಿ ನೋಡಿ. ಕೈ ತೆಗೆದ ಕೂಡಲೇ ಅದು ನಿಲ್ಲುತ್ತದೆ ಅಲ್ವಾ? ಆದರೆ ಬಿಲ್ಲಿನಿಂದ ಹೊರಟ ಬಾಣ ಈ ವಾದಕ್ಕೆ ಸಿಗಲಿಲ್ಲ. ಅದನ್ನು ದಾರಿಯುದ್ದಕ್ಕೂ ಯಾರು ನೂಕುತ್ತಾರೆ? ಸುತ್ತಲಿನ ಗಾಳಿಯೇ ನೂಕುತ್ತದೆ ಅಂತ ಹೇಳಬೇಕಾಯಿತು. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಜಾನ್ ಫಿಲೋಪೋನಸ್ ಇದಕ್ಕೆ ಚೆನ್ನಾಗಿಯೇ ತಿರುಗೇಟು ಕೊಟ್ಟ. ಗಾಳಿಯೇ ನೂಕುವುದಾದರೆ ಬಾಣವನ್ನು ಒಂದು ಕಡ್ಡಿಯ ಮೇಲಿಟ್ಟು ಹಿಂದಿನಿಂದ ಗಾಳಿ ಬೀಸಿದರೆ ಸಾಕಲ್ಲ, ಬಿಲ್ಲು ಯಾಕೆ ಬೇಕು?

ಗಂಟು ಬಿಡಿಸಿದ್ದು ಗೆಲಿಲಿಯೋ. ಒಂದು ಇಳಿಜಾರಿನಿಂದ ಗುಂಡನ್ನು ಉರುಳಿಸಿದರೆ ಅದು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಹೊರಟಷ್ಟೇ ಎತ್ತರಕ್ಕೆ ಹತ್ತುತ್ತದೆ. ಏರನ್ನು ಸ್ವಲ್ಪ ತಗ್ಗಿಸಿ. ಅದೇ ಎತ್ತರ ಮುಟ್ಟಲು ಗುಂಡು ಇನ್ನೂ ದೂರ ಹೋಗಬೇಕು. ಮತ್ತೆ ತಗ್ಗಿಸಿ, ಮತ್ತೂ ದೂರ. ಪೂರ್ತಿ ಸಮತಟ್ಟು ಮಾಡಿದರೆ? ಆ ಎತ್ತರ ಎಂದಿಗೂ ಸಿಗುವುದಿಲ್ಲ, ಹಾಗಾಗಿ ಗುಂಡು ಹೋಗುತ್ತಲೇ ಇರಬೇಕು. ಮೇಜು ನಿಂತದ್ದು ನೂಕುವ ಕೈ ಹೋಯಿತೆಂದಲ್ಲ, ನೆಲದ ಘರ್ಷಣೆ ಅದನ್ನು ಹಿಡಿದು ನಿಲ್ಲಿಸಿತು. ಚಲನೆಯನ್ನು ಮುಂದುವರಿಸಲು ಬಲ ಬೇಡ. ಅದನ್ನು ಬದಲಾಯಿಸಲು ಬೇಕು. ಈ ಒಂದು ತಿರುವು ಸಿಗುವುದಕ್ಕೆ ಸುಮಾರು ಎರಡು ಸಾವಿರ ವರ್ಷ ಹಿಡಿಯಿತು.

ಈಗ ವೇಗೋತ್ಕರ್ಷಕ್ಕೆ ಬರೋಣ. ಒಂದು ಕಾರು ನಿಂತಲ್ಲಿಂದ 10 ಸೆಕೆಂಡಿನಲ್ಲಿ ಗಂಟೆಗೆ 100 ಕಿ.ಮೀ. ಮುಟ್ಟುತ್ತದೆ ಅಂದುಕೊಳ್ಳಿ. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ಹತ್ತರಿಂದ ಭಾಗಿಸಿದರೆ 2.8. ಅಂದರೆ ಪ್ರತಿ ಸೆಕೆಂಡೂ ವೇಗಕ್ಕೆ ಇನ್ನೊಂದು 2.8 ಮೀಟರ್ ಸೇರುತ್ತಿದೆ. ಇದನ್ನೇ 2.8 ಮೀ/ಸೆ² ಅಂತ ಬರೆಯುತ್ತಾರೆ. ಸೆಕೆಂಡಿನ ತಲೆ ಮೇಲೆ ಕೂತಿರುವ ಆ 2 ನೋಡಿ ಗಾಬರಿಯಾಗುವುದು ಬೇಡ. ಸೆಕೆಂಡಿಗೆ ಇಷ್ಟು ಮೀಟರ್ ಅನ್ನುವ ವೇಗ, ಪ್ರತಿ ಸೆಕೆಂಡಿಗೆ ಬದಲಾಗುತ್ತಿದೆ. ಎರಡು ಸಲ ಸೆಕೆಂಡ್ ಬಂತು, ಅಷ್ಟೇ.

ಬ್ರೇಕ್ ಹಾಕಿದಾಗಲೂ ವೇಗೋತ್ಕರ್ಷ ಇದೆ, ಅದರ ದಿಕ್ಕು ಹಿಂದಕ್ಕೆ. ತಿರುವಿನಲ್ಲಿ ಹೋಗುವಾಗಲೂ ಇದೆ. ಮುಳ್ಳು ಅಲ್ಲಾಡದಿದ್ದರೂ ದಿಕ್ಕು ಬದಲಾಗುತ್ತಿದೆಯಲ್ಲ, ಅದೂ ಬದಲಾವಣೆಯೇ. ಚಂದ್ರ ಭೂಮಿಯನ್ನು ಸುತ್ತುವಾಗ ಸೆಕೆಂಡಿಗೆ ಸುಮಾರು 1 ಕಿ.ಮೀ. ವೇಗದಲ್ಲಿ ಓಡುತ್ತಾನೆ. ಆ ಓಟಕ್ಕೆ ಯಾರೂ ಹಿಂದಿನಿಂದ ನೂಕಬೇಕಿಲ್ಲ. ಭೂಮಿಯ ಸೆಳೆತ ಪಕ್ಕಕ್ಕೆ ಎಳೆದು ಅವನ ದಾರಿಯನ್ನು ಬಗ್ಗಿಸುತ್ತದೆ. ಆ ವೇಗೋತ್ಕರ್ಷ ಬರೀ 0.0027 ಮೀ/ಸೆ². ಅಷ್ಟರಲ್ಲೇ ತಿಂಗಳಿಗೊಂದು ಸುತ್ತು ಮುಗಿಯುತ್ತದೆ.

ಇನ್ನು ರಾಶಿ. ವೇಗ ಬದಲಾಗುವುದಕ್ಕೆ ವಸ್ತು ತೋರಿಸುವ ಹಟವೇ ರಾಶಿ ಅಂದುಕೊಂಡರೆ ಸಾಕು. ಒಂದೇ ಬಲ ಹಾಕಿ ನೂಕಿದಾಗ 1 ಕೆಜಿ ವಸ್ತುವಿಗೆ ಎಷ್ಟು ವೇಗೋತ್ಕರ್ಷ ಬರುತ್ತದೋ, 10 ಕೆಜಿ ವಸ್ತುವಿಗೆ ಅದರ ಹತ್ತನೇ ಒಂದು ಭಾಗ ಬರುತ್ತದೆ. 1 ಕೆಜಿ ವಸ್ತುವಿಗೆ 1 ಮೀ/ಸೆ² ವೇಗೋತ್ಕರ್ಷ ಕೊಡುವ ಬಲವೇ 1 ನ್ಯೂಟನ್.

ರಾಶಿಯನ್ನು ತೂಕದ ಜೊತೆ ಬೆರೆಸಿಕೊಳ್ಳುವುದು ಎರಡನೇ ದೊಡ್ಡ ಗೊಂದಲ. ತೂಕ ಒಂದು ಬಲ. 60 ಕೆಜಿ ರಾಶಿಯ ಮನುಷ್ಯನನ್ನು ಭೂಮಿ ಸುಮಾರು 60 × 9.8, ಅಂದರೆ 588 ನ್ಯೂಟನ್ ಬಲದಿಂದ ಎಳೆಯುತ್ತದೆ. ಚಂದ್ರನ ಮೇಲೆ ಆ ಎಳೆತ 100 ನ್ಯೂಟನ್‌ಗಿಂತ ಕಡಿಮೆ. ಆದರೆ ರಾಶಿ ಅಲ್ಲೂ 60 ಕೆಜಿಯೇ. ಅವನನ್ನು ಅಲ್ಲಿ ಎತ್ತುವುದು ಸುಲಭ, ಆದರೆ ಅವನು ಓಡಿಬಂದು ಡಿಕ್ಕಿ ಹೊಡೆದರೆ ಪೆಟ್ಟು ಇಲ್ಲಿನಷ್ಟೇ.

ಬಾಹ್ಯಾಕಾಶ ಕೇಂದ್ರದಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಗಗನಯಾತ್ರಿಯ ಆರೋಗ್ಯ ನೋಡಲು ಅವರ ಮೈ ಎಷ್ಟು ಇಳಿದಿದೆ ಅಂತ ತಿಳಿಯಬೇಕು. ಆದರೆ ಅಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಲು ಆಗುವುದಿಲ್ಲ, ನಿಂತರೂ ಸೊನ್ನೆ ತೋರಿಸುತ್ತದೆ. 1973ರಲ್ಲಿ ಹಾರಿದ ಸ್ಕೈಲ್ಯಾಬ್‌ನಲ್ಲಿ ಇದಕ್ಕೊಂದು ಸ್ಪ್ರಿಂಗ್ ಕುರ್ಚಿ ಇತ್ತು. ಅದರಲ್ಲಿ ಕೂತು ಬಿಗಿದುಕೊಂಡು ಬಿಟ್ಟರೆ ಕುರ್ಚಿ ಹಿಂದೆ ಮುಂದೆ ತೂಗಾಡುತ್ತದೆ. ಸ್ಪ್ರಿಂಗಿನ ಬಲ ಗೊತ್ತಿದೆ. ಒಂದು ತೂಗಾಟಕ್ಕೆ ಎಷ್ಟು ಸಮಯ ಹಿಡಿಯಿತು ಅಂತ ಅಳೆದರೆ ರಾಶಿ ಸಿಗುತ್ತದೆ. ರಾಶಿ ಜಾಸ್ತಿಯಾದಷ್ಟೂ ತೂಗಾಟ ನಿಧಾನ. ಈಗಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಸ್ಪ್ರಿಂಗಿನಿಂದ ಎಳೆದು, ವೇಗೋತ್ಕರ್ಷ ಅಳೆದು, ಭಾಗಿಸಿ ರಾಶಿ ಕಂಡುಹಿಡಿಯುವ ಸಾಧನ ಇದೆ. ಶಾಲೆಯ ಸಮೀಕರಣವನ್ನು ಅಲ್ಲಿ ಇದ್ದ ಹಾಗೆಯೇ ಬಳಸುತ್ತಾರೆ.

ಸಮೀಕರಣದಲ್ಲಿ ಬಲ ಅಂತ ಬರೆದಿರುವುದರ ಹಿಂದೆ ಒಂದು ಮಾತು ಅಡಗಿದೆ: ಅದು ಒಟ್ಟು ಬಲ. ಎಲ್ಲ ಬಲಗಳನ್ನೂ ದಿಕ್ಕಿನ ಸಮೇತ ಕೂಡಿ ಕಳೆದು ಉಳಿದದ್ದು. ತಪ್ಪುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ.

ಇದನ್ನು ನೋಡಲು ಲಿಫ್ಟಿಗಿಂತ ಒಳ್ಳೆಯ ಜಾಗ ಇಲ್ಲ. ಲಿಫ್ಟಿನೊಳಗೆ ತೂಕದ ಯಂತ್ರ ಇಟ್ಟು ಅದರ ಮೇಲೆ 60 ಕೆಜಿಯ ಒಬ್ಬರು ನಿಂತಿದ್ದಾರೆ. ಲಿಫ್ಟ್ 1 ಮೀ/ಸೆ² ವೇಗೋತ್ಕರ್ಷದಲ್ಲಿ ಮೇಲಕ್ಕೆ ಹೊರಟಿತು. ಅವರನ್ನು ಮೇಲಕ್ಕೆ ವೇಗ ಹೆಚ್ಚಿಸಿಕೊಳ್ಳುವಂತೆ ಮಾಡಲು 60 ನ್ಯೂಟನ್ ಉಳಿಕೆ ಬೇಕು. ಭೂಮಿ 588 ಕೆಳಕ್ಕೆ ಎಳೆಯುತ್ತಿದೆ. ಹಾಗಾಗಿ ಯಂತ್ರ 648 ನ್ಯೂಟನ್ ಬಲದಿಂದ ಮೇಲಕ್ಕೆ ಒತ್ತಬೇಕು. ಮುಳ್ಳು 66 ಕೆಜಿ ತೋರಿಸುತ್ತದೆ. ಸ್ವಲ್ಪ ಹೊತ್ತಿಗೆ ಲಿಫ್ಟ್ ಒಂದೇ ವೇಗಕ್ಕೆ ಬಂತು. ಈಗ ಮುಳ್ಳು 60. ಅಂದರೆ ಸರಸರನೆ ಮೇಲೆ ಹೋಗುತ್ತಿದ್ದರೂ, ನಿಂತ ನೆಲದ ಮೇಲೆ ಇದ್ದ ಹಾಗೇ. ಬೇಕಾದ ಮಹಡಿ ಹತ್ತಿರ ಬಂದು ಲಿಫ್ಟ್ ಅದೇ ಲೆಕ್ಕದಲ್ಲಿ ನಿಧಾನವಾಗತೊಡಗಿತು. ಮುಳ್ಳು 54ಕ್ಕೆ ಇಳಿಯಿತು. ಗಮನಿಸಿ: ಇನ್ನೂ ಮೇಲಕ್ಕೇ ಹೋಗುತ್ತಿದ್ದಾರೆ, ಆದರೆ ಒಟ್ಟು ಬಲ ಕೆಳಕ್ಕಿದೆ. ಹೋಗುವ ದಿಕ್ಕು ಒಂದು, ಬಲದ ದಿಕ್ಕು ಇನ್ನೊಂದು. ಹೊಟ್ಟೆಯಲ್ಲಿ ಕಚಗುಳಿ ಇಟ್ಟಂತಾಗುವುದು ಈ ಕ್ಷಣದಲ್ಲೇ. ನಮ್ಮ ಮೈ ವೇಗವನ್ನು ಗುರುತಿಸುವುದಿಲ್ಲ, ಅದರ ಬದಲಾವಣೆಯನ್ನು ಮಾತ್ರ ಗುರುತಿಸುತ್ತದೆ. ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹೋಗುವಾಗ ಒಳಗೆ ಆರಾಮಾಗಿ ನಿದ್ದೆ ಬರುವುದೂ ಇದಕ್ಕೇ. ಅರಿಸ್ಟಾಟಲ್ ಪರ ನಿಂತ ಅದೇ ಮೈ ಇಲ್ಲಿ ನ್ಯೂಟನ್ ಪರ ಸಾಕ್ಷಿ ಹೇಳುತ್ತದೆ.

ಪ್ರಯೋಗಶಾಲೆಯಲ್ಲಿ ಇದನ್ನು ತೋರಿಸಲು ಜಾರ್ಜ್ ಆಟ್‌ವುಡ್ ಎಂಬ ಇಂಗ್ಲಿಷ್ ವಿದ್ವಾಂಸ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಅವನು ಅದನ್ನು 1784ರಲ್ಲಿ ಪ್ರಕಟಿಸಿದ. ಒಂದು ರಾಟೆ, ಅದರ ಮೇಲೊಂದು ದಾರ, ಎರಡು ತುದಿಗೂ ಒಂದೊಂದು ತೂಕದ ಬಟ್ಟು. ಒಂದು ಕಡೆ 510 ಗ್ರಾಂ, ಇನ್ನೊಂದು ಕಡೆ 490 ಗ್ರಾಂ ಇರಲಿ. ಎರಡೂ ಒಂದನ್ನೊಂದು ಎಳೆದಾಡುತ್ತವೆ. ಕೊನೆಗೆ ಉಳಿಯುವ ಬಲ 20 ಗ್ರಾಂ ತೂಕದಷ್ಟು ಮಾತ್ರ, ಸುಮಾರು 0.2 ನ್ಯೂಟನ್. ಆದರೆ ಆ ಚಿಕ್ಕ ಬಲ ಎರಡೂ ಬಟ್ಟುಗಳನ್ನು, ಅಂದರೆ ಪೂರ್ತಿ 1 ಕೆಜಿಯನ್ನು, ಹೊರಡಿಸಬೇಕು. ಬಲಕ್ಕೆ ವ್ಯತ್ಯಾಸ, ರಾಶಿಗೆ ಮೊತ್ತ. ಹಾಗಾಗಿ ವೇಗೋತ್ಕರ್ಷ ಸುಮಾರು 0.2 ಮೀ/ಸೆ². ಸುಮ್ನೆ ಕೈಬಿಟ್ಟ ಬಟ್ಟು 1 ಮೀಟರ್ ಬೀಳಲು ಅರ್ಧ ಸೆಕೆಂಡೂ ಬೇಡ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಇಲ್ಲಿ ಅದಕ್ಕೆ 3 ಸೆಕೆಂಡಿಗೂ ಹೆಚ್ಚು ಬೇಕು. ಆ ಕಾಲದ ಲೋಲಕದ ಗಡಿಯಾರಕ್ಕೂ ಸಿಗುವಷ್ಟು ನಿಧಾನ. ಬಲವನ್ನೊಂದೇ, ರಾಶಿಯನ್ನೊಂದೇ ಬೇರೆಬೇರೆಯಾಗಿ ಬದಲಾಯಿಸಿ ನೋಡಲೂಬಹುದು.

ಬಲ ಕಡಿಮೆ ಇದ್ದರೂ ಸಮಯ ಧಾರಾಳವಾಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2007ರಲ್ಲಿ ಹಾರಿಸಿದ ನಾಸಾದ ಡಾನ್ ನೌಕೆ ಒಳ್ಳೆಯ ನಿದರ್ಶನ. ವಿದ್ಯುದಾವೇಶದ ಕಣಗಳನ್ನು ಹಿಂದಕ್ಕೆ ಚಿಮ್ಮಿಸುವ ಅದರ ಅಯಾನು ಎಂಜಿನ್ ಕೊಡುತ್ತಿದ್ದ ಬಲ ಹೆಚ್ಚೆಂದರೆ 0.09 ನ್ಯೂಟನ್. ಅಂಗೈ ಮೇಲೆ ಎರಡು ಬಿಳಿ ಹಾಳೆ ಇಟ್ಟುಕೊಂಡರೆ ಆಗುವ ಭಾರದಷ್ಟು. ನೌಕೆಯ ರಾಶಿ ಸುಮಾರು 1,200 ಕೆಜಿ. ಭಾಗಿಸಿ ನೋಡಿದರೆ, ಗಂಟೆಗೆ 100 ಕಿ.ಮೀ. ವೇಗ ಗಳಿಸಲು ನಾಲ್ಕು ದಿನಕ್ಕೂ ಹೆಚ್ಚು ಬೇಕು. ನಗು ಬರುತ್ತದೆ. ಆದರೆ ಅಲ್ಲಿ ತಡೆಯಲು ಗಾಳಿ ಇಲ್ಲ, ಘರ್ಷಣೆ ಇಲ್ಲ. ಗಳಿಸಿದ ವೇಗ ಕರಗುವುದಿಲ್ಲ. ಎಂಜಿನ್ ಒಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ಓಡಿ ನೌಕೆಯ ವೇಗದಲ್ಲಿ ತಂದ ಬದಲಾವಣೆ ಸೆಕೆಂಡಿಗೆ 11 ಕಿ.ಮೀ. ದಾಟಿತು. 2011ರಲ್ಲಿ ವೆಸ್ಟಾ ಎಂಬ ಕ್ಷುದ್ರಗ್ರಹ, 2015ರಲ್ಲಿ ಸೀರಿಸ್ ಎಂಬ ಕುಬ್ಜಗ್ರಹ, ಎರಡರ ಕಕ್ಷೆಯನ್ನೂ ಅದು ಸೇರಿತು.

ಇದರ ತದ್ವಿರುದ್ಧ ಸ್ಯಾಟರ್ನ್ 5. 1969 ಜುಲೈ 16ರಂದು ಅಪೊಲೊ 11 ಹೊತ್ತು ಮೇಲೇರಿದ ಈ ರಾಕೆಟ್ಟಿನ ರಾಶಿ ಸುಮಾರು 2,900 ಟನ್. ಎಂಜಿನ್‌ಗಳು ಕೊಟ್ಟ ಬಲ ಸುಮಾರು 3.4 ಕೋಟಿ ನ್ಯೂಟನ್. ಅದರಲ್ಲಿ 2.84 ಕೋಟಿ ರಾಕೆಟ್ಟಿನ ತೂಕ ಹೊರುವುದಕ್ಕೇ ಹೋಯಿತು. ಉಳಿದದ್ದನ್ನು ರಾಶಿಯಿಂದ ಭಾಗಿಸಿದರೆ ಬರುವುದು 2 ಮೀ/ಸೆ² ಆಸುಪಾಸು. ಮೇಲೆ ಲೆಕ್ಕ ಹಾಕಿದ ಕಾರು ಇದಕ್ಕಿಂತ ಚುರುಕು! ಹಳೆಯ ವಿಡಿಯೊದಲ್ಲಿ ರಾಕೆಟ್ ಅಷ್ಟು ಭಾರವಾಗಿ, ನಿಧಾನವಾಗಿ ಏಳುವುದು ಕ್ಯಾಮೆರಾದ ಮಾಯೆಯಲ್ಲ. ಮುಂದಿನ ಎರಡೂವರೆ ನಿಮಿಷದಲ್ಲಿ ಮೊದಲ ಹಂತ ಸುಮಾರು 2,000 ಟನ್ ಇಂಧನ ಸುಟ್ಟಿತು. ಬಲ ಹೆಚ್ಚೇನೂ ಏರಲಿಲ್ಲ, ರಾಶಿ ಮಾತ್ರ ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯಿತು. ವೇಗೋತ್ಕರ್ಷ ಎಷ್ಟು ಜೋರಾಯಿತೆಂದರೆ ಯಾತ್ರಿಗಳಿಗೆ ತಮ್ಮ ಮೈ ಸುಮಾರು 4 ಪಟ್ಟು ಭಾರವಾದಂತೆ ಅನ್ನಿಸಿತು. ಅದು ಮಿತಿ ಮೀರದಿರಲಿ ಅಂತಲೇ ಐದು ಎಂಜಿನ್‌ಗಳಲ್ಲಿ ನಡುವಿನದನ್ನು ಸ್ವಲ್ಪ ಮೊದಲೇ ಆರಿಸುತ್ತಿದ್ದರು.

ಅದೇ ಸಮೀಕರಣವನ್ನು ಉಲ್ಟಾ ಓದಿದರೆ ಸೀಟ್‌ಬೆಲ್ಟಿನ ಕಥೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಗೋಡೆಗೆ ಗುದ್ದಿದೆ. ಒಳಗಿರುವ 70 ಕೆಜಿಯ ಮನುಷ್ಯನ ವೇಗ ಸೆಕೆಂಡಿಗೆ 13.9 ಮೀಟರಿನಿಂದ ಸೊನ್ನೆಗೆ ಬರಲೇಬೇಕು. ಅದನ್ನು ತಪ್ಪಿಸಲು ಆಗುವುದಿಲ್ಲ. ಎಷ್ಟು ಹೊತ್ತಿನಲ್ಲಿ ಬರುತ್ತದೆ ಅನ್ನುವುದು ಮಾತ್ರ ನಮ್ಮ ಕೈಲಿದೆ. ಕಾರಿನ ಮೂತಿ ಜಜ್ಜಿಹೋಗುತ್ತಾ, ಬೆಲ್ಟ್ ಸ್ವಲ್ಪ ಹಿಗ್ಗುತ್ತಾ 0.1 ಸೆಕೆಂಡ್ ಸಿಕ್ಕಿತು ಅಂದುಕೊಳ್ಳಿ. ಆಗ ಮೈಮೇಲಿನ ಸರಾಸರಿ ಬಲ ಸುಮಾರು 9,700 ನ್ಯೂಟನ್, ಹತ್ತಿರಹತ್ತಿರ ಒಂದು ಟನ್ ಭಾರ. ಬೆಲ್ಟ್ ಇಲ್ಲದೆ ಗಟ್ಟಿ ಭಾಗಕ್ಕೆ ಬಡಿದು 0.01 ಸೆಕೆಂಡಿನಲ್ಲಿ ನಿಂತರೆ ಅದು ಹತ್ತು ಪಟ್ಟು. ಮೊದಲನೆಯದರಲ್ಲಿ ಮೂಗೇಟು, ಎರಡನೆಯದರಲ್ಲಿ ಸಾವು. ಹೊಸ ಕಾರುಗಳ ಮುಂಭಾಗ ಸುಲಭವಾಗಿ ನುಜ್ಜಾಗುತ್ತದೆ ಅಂತ ಬೈಯುವವರಿದ್ದಾರೆ. ಅದನ್ನು ಹಾಗೆ ನುಜ್ಜಾಗಲೆಂದೇ ಮಾಡಿರುತ್ತಾರೆ.

ಮನುಷ್ಯನ ಮೈ ಎಷ್ಟು ತಡೆಯುತ್ತದೆ ಅಂತ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡವರು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್. 1954 ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದಲ್ಲಿ ಹಳಿಯ ಮೇಲಿನ ರಾಕೆಟ್ ಬಂಡಿಯಲ್ಲಿ ಗಂಟೆಗೆ 1,017 ಕಿ.ಮೀ. ವೇಗ ಮುಟ್ಟಿ, 1.4 ಸೆಕೆಂಡಿನಲ್ಲಿ ನಿಂತರು. ಒಂದು ಹಂತದಲ್ಲಿ ಮೈಮೇಲಿನ ಬಲ ಅವರ ತೂಕದ 46 ಪಟ್ಟು ಇತ್ತು. ಕಣ್ಣುಗಳಲ್ಲಿ ರಕ್ತ ತುಂಬಿ ಸ್ವಲ್ಪ ಹೊತ್ತು ದೃಷ್ಟಿ ಹೋಗಿತ್ತು. ಆಮೇಲೆ ಚೇತರಿಸಿಕೊಂಡರು. ವೇಗದಿಂದ ಅವರಿಗೆ ಏನೂ ಆಗಲಿಲ್ಲ, ನಿಂತ ರೀತಿಯಿಂದ ಆಯಿತು.

ಭಾರದ ವಸ್ತು ಬೇಗ ಬೀಳುತ್ತದೆಯೇ ಅನ್ನುವ ಹಳೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. 10 ಕೆಜಿ ಕಲ್ಲನ್ನು ಭೂಮಿ 1 ಕೆಜಿ ಕಲ್ಲಿಗಿಂತ ಹತ್ತು ಪಟ್ಟು ಜೋರಾಗಿ ಎಳೆಯುತ್ತದೆ. ಆದರೆ ಅದರ ಹಟವೂ ಹತ್ತು ಪಟ್ಟು. ಭಾಗಿಸಿದರೆ ಎರಡಕ್ಕೂ ಅದೇ 9.8 ಮೀ/ಸೆ². ಎಲೆ ತೇಲುತ್ತಾ ಬೀಳುವುದು ಗಾಳಿಯ ಕೆಲಸ. ಗಾಳಿ ಇಲ್ಲದ ಚಂದ್ರನ ಮೇಲೆ 1971 ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಒಂದು ಸುತ್ತಿಗೆ, ಒಂದು ಗಿಡುಗದ ಗರಿ ಎರಡನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಮಳೆಹನಿಯ ವಿಷಯದಲ್ಲಿ ಗಾಳಿ ನಮ್ಮ ಜೀವ ಉಳಿಸುತ್ತದೆ. 1 ಕಿ.ಮೀ. ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ಹನಿ ಸೆಕೆಂಡಿಗೆ 140 ಮೀಟರ್ ವೇಗದಲ್ಲಿ ತಲೆಗೆ ಬಡಿಯಬೇಕು. ವೇಗ ಏರಿದಂತೆ ಗಾಳಿಯ ತಡೆಯೂ ಏರಿ, ಒಂದು ಹಂತದಲ್ಲಿ ತೂಕಕ್ಕೆ ಸಮವಾಗುತ್ತದೆ. ಒಟ್ಟು ಬಲ ಸೊನ್ನೆ. ಅಲ್ಲಿಂದ ಮುಂದೆ ಹನಿ ಒಂದೇ ವೇಗದಲ್ಲಿ ಇಳಿಯುತ್ತದೆ. 2 ಮಿಲಿಮೀಟರ್ ಹನಿಗೆ ಆ ವೇಗ ಸೆಕೆಂಡಿಗೆ ಸುಮಾರು 6.5 ಮೀಟರ್ ಅಷ್ಟೇ.

ಕಲ್ಲುಗಳ ವಿಷಯಕ್ಕೆ ಮರಳೋಣ. ಭೂಮಿಯ ಎಳೆತವನ್ನು ತೀರ್ಮಾನಿಸುವ ರಾಶಿಯೂ ವೇಗ ಬದಲಾಗದಂತೆ ಹಟ ಮಾಡುವ ರಾಶಿಯೂ ಯಾಕೆ ಅಷ್ಟು ಕರಾರುವಾಕ್ಕಾಗಿ ಒಂದೇ ಆಗಿರಬೇಕು? ನ್ಯೂಟನ್‌ನ ನಿಯಮದಲ್ಲಿ ಇದಕ್ಕೆ ಕಾರಣ ಇಲ್ಲ, ಅದು ಹಾಗಿದೆ ಅಷ್ಟೇ. 2016ರಲ್ಲಿ ಫ್ರಾನ್ಸ್ ಹಾರಿಸಿದ ಮೈಕ್ರೋಸ್ಕೋಪ್ ಉಪಗ್ರಹ ಬೇರೆಬೇರೆ ಲೋಹಗಳ ಉರುಳೆಗಳನ್ನು ಕಕ್ಷೆಯಲ್ಲಿ ಹೋಲಿಸಿ ನೋಡಿತು. ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ. ಐನ್‌ಸ್ಟೈನ್ ಈ ಸಮಾನತೆಯನ್ನೇ ತಳಪಾಯ ಮಾಡಿಕೊಂಡು 1915ರಲ್ಲಿ ಗುರುತ್ವದ ಹೊಸ ಸಿದ್ಧಾಂತ ಕಟ್ಟಿದ. ಅದು ಬೇರೆಯೇ ದೊಡ್ಡ ಕಥೆ.

ಇನ್ನೊಂದು ವಿಷಯ ಹೇಳಲೇಬೇಕು. ನ್ಯೂಟನ್ 1687ರ ತನ್ನ ಪುಸ್ತಕದಲ್ಲಿ ಈ ಸಮೀಕರಣವನ್ನು ಈ ರೂಪದಲ್ಲಿ ಬರೆಯಲೇ ಇಲ್ಲ. ಚಲನೆಯ ಬದಲಾವಣೆ ಹಾಕಿದ ಬಲಕ್ಕೆ ಅನುಗುಣವಾಗಿರುತ್ತದೆ, ಆ ಬಲದ ದಿಕ್ಕಿನಲ್ಲೇ ಇರುತ್ತದೆ ಅಂತ ಲ್ಯಾಟಿನ್‌ನಲ್ಲಿ ಬರೆದ. ಚಲನೆ ಅಂದರೆ ಅವನಿಗೆ ರಾಶಿ ಮತ್ತು ವೇಗದ ಗುಣಲಬ್ಧ, ನಾವು ಈಗ ಸಂವೇಗ ಅನ್ನುವುದು. ಬಲ, ರಾಶಿ, ವೇಗೋತ್ಕರ್ಷಗಳ ಸಮೀಕರಣವಾಗಿ ಅದನ್ನು ಎಲ್ಲ ಬಗೆಯ ಚಲನೆಗೂ ಸಾಮಾನ್ಯ ನಿಯಮವೆಂದು ಮುಂದಿಟ್ಟವನು ಲಿಯೊನ್ಹಾರ್ಡ್ ಆಯ್ಲರ್, 1750ರಲ್ಲಿ.

ದಿನಬಳಕೆಯ ವೇಗಗಳಲ್ಲಿ ಎರಡು ರೂಪಕ್ಕೂ ವ್ಯತ್ಯಾಸ ಇಲ್ಲ. ಬೆಳಕಿನ ವೇಗದ ಹತ್ತಿರ ಹೋದಾಗ ಆಯ್ಲರನ ರೂಪ ಸೋಲುತ್ತದೆ, ನ್ಯೂಟನ್ ಹೇಳಿದ ಸಂವೇಗದ ಮಾತು ಉಳಿಯುತ್ತದೆ. ಸಂವೇಗದ ಲೆಕ್ಕವನ್ನು ಮಾತ್ರ ಐನ್‌ಸ್ಟೈನ್ ಹೇಳಿದಂತೆ ತಿದ್ದಿಕೊಳ್ಳಬೇಕು. ಪರಮಾಣುವಿನೊಳಗಿನ ಕಣಗಳನ್ನು ಡಿಕ್ಕಿ ಹೊಡೆಸುವ, ಜಿನೀವಾ ಬಳಿಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಯಂತ್ರ ಓಡುತ್ತಿರುವಾಗ ಇದು ದಿನವೂ ನಡೆಯುವ ಕೆಲಸ. ಒಳಗೆ ಬರುವ ಹೊತ್ತಿಗೇ ಪ್ರೋಟಾನುಗಳು ಬೆಳಕಿಗಿಂತ ಸೆಕೆಂಡಿಗೆ ಸುಮಾರು 650 ಮೀಟರ್ ಮಾತ್ರ ನಿಧಾನ. ಅಲ್ಲಿಂದ ಸುಮಾರು 20 ನಿಮಿಷ ಸುತ್ತುಸುತ್ತಿಗೂ ನೂಕುತ್ತಾರೆ. ಕೊನೆಗೆ ಅವುಗಳ ಸಂವೇಗ 15 ಪಟ್ಟಾಗಿರುತ್ತದೆ. ವೇಗ ಮಾತ್ರ ಆ 650 ಮೀಟರ್ ಕೊರತೆಯಲ್ಲಿ ಬಹುಪಾಲನ್ನು ತುಂಬಿಕೊಂಡು, ಬೆಳಕಿಗಿಂತ ಸೆಕೆಂಡಿಗೆ ಸುಮಾರು 3 ಮೀಟರ್ ಹಿಂದೆಯೇ ಉಳಿದಿರುತ್ತದೆ.